ಬಣ್ಣದ ಬುಟ್ಟಿ: ಕುಸುಬಿಯ ಕೆಂಪು

ಹೋದ ಸಂಚಿಕೆಯಲ್ಲಿ ಅರಿಶಿನದ ಬಣ್ಣದ ಬಗ್ಗೆ ಉತ್ತರ ಬರೆಯುವಾಗ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ಜಪಾನಿನ ಹೆಂಗಸರು ನೂರಾರು ವರ್ಷ ತುಟಿಗೆ ಹಚ್ಚಿದ ಕೆಂಪು ನಮ್ಮ ಎರೆ ಹೊಲದ ಕುಸುಬಿ ಹೂವಿನದೇ ಅಂತ. ಅರಿಶಿನ ಯಾರಿಗೂ ಬೇಡವಾಯಿತು. ಬಂದ ಪತ್ರಗಳೆಲ್ಲ ಕುಸುಬಿಯ ಮೇಲೆ. ಹಾಗಾಗಿ ಈ ಸಲ ಬುಟ್ಟಿಯಲ್ಲಿ ಒಂದೇ ಬಣ್ಣ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಧಾರವಾಡದಲ್ಲಿ ಮೂವತ್ತೊಂದು ವರ್ಷ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾದವಳು. ಹುಟ್ಟೂರು ನವಲಗುಂದದ ಕಡೆ. ಮಗಳು ಐದು ವರ್ಷ ಜಪಾನಿನ ಯಮಗಾತಾದಲ್ಲಿದ್ದಳು. ನಾನು ಎರಡು ಸಲ ಹೋಗಿದ್ದೆ, ಒಮ್ಮೆ ಜುಲೈಯಲ್ಲಿ, ಒಮ್ಮೆ ಜನವರಿಯಲ್ಲಿ. ಈ ಬಣ್ಣಕ್ಕೆ ಆ ಎರಡು ತಿಂಗಳೇ ಮುಖ್ಯ ಅಂತ ಹೋಗುವಾಗ ಗೊತ್ತಿರಲಿಲ್ಲ.

ಪ್ರಶ್ನೆ: ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಚಿಕ್ಕ ಪಿಂಗಾಣಿ ಬಟ್ಟಲಿನೊಳಗೆ ಹಸಿರಾಗಿ ಮಿಂಚುವ ಏನೋ ಬಳಿದಿದ್ದಾರೆ. ಒದ್ದೆ ಬ್ರಷ್ ತಾಗಿಸಿದ ಕೂಡಲೇ ಅದು ಕೆಂಪಾಗುತ್ತದೆ. ಇದು ಎಡಿಟಿಂಗ್ ಅಂತ ನನ್ನ ತಮ್ಮ ಹೇಳುತ್ತಾನೆ. ನೀವು ಹೇಳಿದ ಕುಸುಬಿ ಕೆಂಪು ಇದೇನಾ? ಕುಸುಬಿ ಹೂವು ಹಳದಿ ಅಲ್ವಾ, ಕೆಂಪು ಎಲ್ಲಿಂದ ಬಂತು?
– ಓದುಗರು, ಬಾಗಲಕೋಟೆ

ತಮ್ಮನಿಗೆ ಹೇಳಿ, ಎಡಿಟಿಂಗ್ ಅಲ್ಲ. ನನ್ನ ಕಪಾಟಿನಲ್ಲೇ ಅಂಥದೊಂದು ಬಟ್ಟಲಿದೆ. ನಮ್ಮ ಮನೆಗೆ ಬಂದವರಿಗೆಲ್ಲ ತೋರಿಸಿ ತೋರಿಸಿ ಅರ್ಧ ಖಾಲಿಯಾಗಿದೆ.

ಅದರ ಹೆಸರು ಬೆನಿ. ಬಟ್ಟೆಗೆ ಹಾಕಿದಾಗ ಅದೇ ಬಣ್ಣಕ್ಕೆ ಕುರೆನಾಯಿ ಅನ್ನುವ ಹಳೆಯ ಹೆಸರೂ ಇದೆ. 'ಕುರೆ' ಅಂದರೆ ಚೀನಾದ ಕಡೆಯ ನಾಡು, 'ಆಯಿ' ಅಂದರೆ ನೀಲಿ ಗಿಡ, ಹಳೆಯ ಬಳಕೆಯಲ್ಲಿ ಯಾವುದೇ ಬಣ್ಣದ ಗಿಡ. 'ಕುರೆ-ನೊ-ಆಯಿ' ಬಾಯಲ್ಲಿ ಸವೆದು ಕುರೆನಾಯಿ ಆಯಿತು. ಹೊರಗಿನಿಂದ ಬಂದ ಗಿಡ ಅಂತ ಹೆಸರೇ ಹೇಳುತ್ತದೆ. ಬಂದು ಬಹಳ ಕಾಲವಾಯಿತು. ನಾರಾದ ಹತ್ತಿರ ಮಾಕಿಮುಕು ಎಂಬಲ್ಲಿ ಅಗೆದಾಗ, ಮೂರನೇ ಶತಮಾನದ ಒಂದು ಕಾಲುವೆಯ ಮಣ್ಣಿನಲ್ಲಿ ಈ ಹೂವಿನ ಪರಾಗ ರಾಶಿ ರಾಶಿ ಸಿಕ್ಕಿದೆ. ಅಷ್ಟು ಪರಾಗ ಸುಮ್ನೆ ಗಾಳಿಗೆ ಹಾರಿ ಬರುವುದಿಲ್ಲ. ಯಾರೋ ಅಲ್ಲಿ ಕೂತು ಹೂವು ತೊಳೆದು ನೀರು ಚೆಲ್ಲಿದ್ದಾರೆ.

ಗಿಡ ನಮ್ಮದೇ ಕುಸುಬಿ. ಅಲ್ಲಿ ಅದು ಬೆನಿಬಾನಾ, ಯಮಗಾತಾದ ರಾಜ್ಯಪುಷ್ಪ. ಜುಲೈ ಮೊದಲ ವಾರ ಮಗಳ ಮನೆಯ ಹತ್ತಿರದ ಅಜ್ಜಿಯೊಬ್ಬರು ನಮ್ಮನ್ನು ಹೊಲಕ್ಕೆ ಕರೆದರು. ಬೆಳಗಿನ ನಾಲ್ಕೂವರೆ ಗಂಟೆಗೆ. ಅಷ್ಟು ಬೇಗ ಯಾಕೆ ಅಂತ ಮಗಳು ಗೊಣಗಿದಳು. ನನಗೆ ಮಾತ್ರ ಹೊಲ ಕಂಡ ಕೂಡಲೇ ಗೊತ್ತಾಯಿತು. ನಮ್ಮೂರಲ್ಲೂ ಕುಸುಬಿ ಕೊಯ್ಲಿಗೆ ನಸುಕಿನಲ್ಲೇ ಹೋಗುತ್ತಿದ್ದರು, ಕೈಕಾಲಿಗೆ ಹಳೆ ಬಟ್ಟೆ ಸುತ್ತಿಕೊಂಡು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಬಿಸಿಲೇರಿದರೆ ಸೂಜಿ. ನಮ್ಮಲ್ಲಿ ಆ ಮುಳ್ಳಿಗಾಗಿಯೇ ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಹಾಕುತ್ತಿದ್ದರಲ್ಲ, ದನ ಒಳಗೆ ಬರಬಾರದು ಅಂತ.

ವ್ಯತ್ಯಾಸ ಇಷ್ಟೇ. ನಮಗೆ ಬೇಕಾದದ್ದು ಕಾಳು, ಎಣ್ಣೆಗೆ. ಹೂವು ಉದುರಿ ಮಣ್ಣಾಗುತ್ತದೆ. ಅವರಿಗೆ ಬೇಕಾದದ್ದು ಎಸಳು. ಹೂವು ಅರಳಿದಾಗ ಹಳದಿ. ಆಮೇಲೆ ಬುಡದಿಂದ ಕೆಂಪೇರುತ್ತ ಬರುತ್ತದೆ. ಬುಡದ ಮೂರನೇ ಒಂದು ಭಾಗ ಕೆಂಪಾದಾಗ ಕೀಳಬೇಕು. ಇಡೀ ಹೂವನ್ನಲ್ಲ, ಮೇಲಿನ ಎಸಳಿನ ಜುಟ್ಟನ್ನು ಮಾತ್ರ, ಮೂರು ಬೆರಳಲ್ಲಿ ಹಿಡಿದು. ನಾನು ಒಂದು ಗಂಟೆ ಕಿತ್ತು ಒಂದು ಸಣ್ಣ ಪಾತ್ರೆಯೂ ತುಂಬಲಿಲ್ಲ. ಅಜ್ಜಿಯ ಬುಟ್ಟಿ ತುಂಬಿ ಮೇಲೆ ಗೋಪುರ ಎದ್ದಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಸಳಿನಲ್ಲಿರುವ ಬಣ್ಣದಲ್ಲಿ ನೂರಕ್ಕೆ 99 ಪಾಲು ಹಳದಿ. ಕೆಂಪು 1 ಪಾಲು ಮಾತ್ರ. ಅದೃಷ್ಟಕ್ಕೆ ಇವೆರಡರ ಸ್ವಭಾವ ಬೇರೆ ಬೇರೆ. ಹಳದಿ ತಣ್ಣೀರಿಗೇ ಬಿಟ್ಟುಕೊಳ್ಳುತ್ತದೆ. ಕೆಂಪು ನೀರಿಗೆ ಜಗ್ಗುವುದಿಲ್ಲ, ಅದಕ್ಕೆ ಕ್ಷಾರ ಬೇಕು. ಅದರ ರಾಸಾಯನಿಕ ಹೆಸರು ಕಾರ್ಥಮಿನ್. ಹಾಗಾಗಿ ಮೊದಲು ಎಸಳನ್ನು ತೊಳೆದು ತೊಳೆದು ಹಳದಿಯನ್ನೆಲ್ಲ ಚೆಲ್ಲುತ್ತಾರೆ. ಆಮೇಲೆ ಚಾಪೆಯ ಮೇಲೆ ನೆರಳಲ್ಲಿ ಹರವಿ, ಆಗಾಗ ನೀರು ಚಿಮುಕಿಸಿ, ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಗಾಳಿ ತಾಗಿ ಒಳಗಿನ ಕೆಂಪು ಬಲಿಯುತ್ತದೆ. ಆ ಕೋಣೆಯ ವಾಸನೆ ಮಾತ್ರ ಕೇಳಬೇಡಿ. ಮೂರು ದಿನದ ಒದ್ದೆ ಬಟ್ಟೆ ಮತ್ತು ಮಾವಿನಕಾಯಿ ಉಪ್ಪಿನಕಾಯಿ ಸೇರಿದ ಹಾಗೆ. ನಂತರ ಒರಳಲ್ಲಿ ಕುಟ್ಟಿ, ಅಂಗೈಯಲ್ಲಿ ತಟ್ಟಿ, ವಡೆಯ ಆಕಾರ ಮಾಡಿ ಬಿಸಿಲಿಗೆ ಒಣಗಿಸುತ್ತಾರೆ. ಇದಕ್ಕೆ ಬೆನಿಮೊಚಿ ಅಂತ ಹೆಸರು. ವ್ಯಾಪಾರವಾಗುತ್ತಿದ್ದದ್ದು ಈ ರೂಪದಲ್ಲಿ.

ಯಮಗಾತಾದ ವಡೆಗಳು ಕುದುರೆ ಹೇರಿನ ಲೆಕ್ಕದಲ್ಲಿ ಹೊರಡುತ್ತಿದ್ದವು. ಒಂದು ಹೇರು ಅಂದರೆ 120 ಕಿಲೊ. ಮೊಗಾಮಿ ನದಿಯಲ್ಲಿ ದೋಣಿ ಹತ್ತಿ ಸಕಾತಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ತ್ಸುರುಗಾಕ್ಕೆ, ಮತ್ತೆ ದಾರಿ ಹಿಡಿದು ಬಿವಾ ಸರೋವರ ದಾಟಿ ಕ್ಯೋಟೊಗೆ. ಅಲ್ಲಿ ಕೆಂಪನ್ನು ಹಿಂಡಿ ತೆಗೆಯುವವರು ಬೇರೆ. ಬೂದಿಯ ತಿಳಿಯಲ್ಲಿ ವಡೆ ನೆನೆಸಿದರೆ ಕೆಂಪು ಹೊರಗೆ ಬರುತ್ತದೆ. ಅದರ ಜೊತೆ ಉಳಿದ ಚೂರುಪಾರು ಹಳದಿಯೂ ಬರುತ್ತದೆ. ಇಲ್ಲಿದೆ ನೋಡಿ ಅವರ ಜಾಣತನ. ಆ ನೀರಿನಲ್ಲಿ ನಾರಿನ ಬಟ್ಟೆ ಅದ್ದುತ್ತಾರೆ. ಗಿಡದ ನಾರು ಕೆಂಪನ್ನು ಹಿಡಿಯುತ್ತದೆ, ಹಳದಿಯನ್ನು ಹಿಡಿಯುವುದಿಲ್ಲ. ಬಟ್ಟೆ ತೊಳೆದರೆ ಹಳದಿ ಹೋಯಿತು. ಆ ಬಟ್ಟೆಯನ್ನೇ ಮತ್ತೆ ಬೂದಿ ನೀರಿಗೆ ಹಾಕಿದರೆ ಈಗ ಬರುವುದು ಅಪ್ಪಟ ಕೆಂಪು. ಅದಕ್ಕೆ ಹುಳಿ ಸೇರಿಸಿದರೆ ಬಣ್ಣ ಒಡೆದ ಹಾಲಿನ ಹಾಗೆ ತಳಕ್ಕೆ ಇಳಿಯುತ್ತದೆ. ನೀರು ಸೋಸಿ ತೆಗೆದರೆ ಸಿಗುವ ಗಟ್ಟಿ ಕೆಸರೇ ಬೆನಿ. ಅದನ್ನು ಬ್ರಷ್‌ನಿಂದ ಬಟ್ಟಲ ಒಳಮೈಗೆ ಒಂದೇ ಸಮ ಬಳಿಯುತ್ತಾರೆ.

ಬಳಿಯುವಾಗ ಕೆಂಪು. ಒಣಗುತ್ತ ಬಂದ ಹಾಗೆ ಹಸಿರು. ಕಾರ್ಥಮಿನ್ ಬಹಳ ಶುದ್ಧವಾಗಿದ್ದರೆ ಅದರ ಒಣ ಪದರ ಲೋಹದ ಹಾಗೆ ಬೆಳಕನ್ನು ತಿರುಗಿಸುತ್ತದೆ. ಹಾಗೆ ತಿರುಗಿಸುವ ಬೆಳಕು ಹಸಿರು. ಒದ್ದೆ ಮಾಡಿದರೆ ಪದರ ಒಡೆದು ಮಾಮೂಲಿ ಕೆಂಪು ಕಾಣುತ್ತದೆ. ಕೊಳೆ ಇದ್ದರೆ, ಹಳದಿ ಉಳಿದಿದ್ದರೆ, ಈ ಹಸಿರು ಬರುವುದಿಲ್ಲ. ಹಾಗಾಗಿ ಹಸಿರೇ ಅದರ ಹಾಲ್‌ಮಾರ್ಕ್. ಜಪಾನಿಗರು ಇದನ್ನು ತಮಮುಶಿ ಬಣ್ಣ ಅನ್ನುತ್ತಾರೆ. ತಮಮುಶಿ ಯಾವುದು ಗೊತ್ತಾ? ನಮ್ಮ ಜೀರ್ಜಿಂಬೆಯ ಜಾತಿಯದು. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದೆವಲ್ಲ, ಅದೇ ಹೊಳಪು. ಬಟ್ಟಲನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಕಂಡದ್ದು ಆ ಬೆಂಕಿಪೊಟ್ಟಣ.

1804ರಿಂದ 1830ರ ನಡುವೆ ಎದೊದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಈ ಹಸಿರೇ ಫ್ಯಾಶನ್ ಆಗಿಬಿಟ್ಟಿತು. ಕೆಳತುಟಿಗೆ ಬೆನಿಯನ್ನು ಪದರದ ಮೇಲೆ ಪದರ ಹಚ್ಚಿ, ತುಟಿಯೇ ಹಸಿರು ಮಿಂಚುವ ಹಾಗೆ ಮಾಡಿಕೊಳ್ಳುತ್ತಿದ್ದರು. ಸಸಬೆನಿ ಅಂತ ಅದರ ಹೆಸರು, ಬಿದಿರೆಲೆಯ ಬಣ್ಣದ ಬೆನಿ. ಬೆನಿ ತೂಕಕ್ಕೆ ಚಿನ್ನ ತೂಗಬೇಕು ಅನ್ನುವ ಮಾತಿದ್ದ ಕಾಲ. ಅಷ್ಟು ಹಚ್ಚಲು ಎಲ್ಲರ ಕೈಯಲ್ಲೂ ಆಗುತ್ತಾ? ಆಗದವರು ಮೊದಲು ತುಟಿಗೆ ಬರೆಯುವ ಮಸಿ ಬಳಿದು, ಅದರ ಮೇಲೆ ತೆಳ್ಳಗೆ ಬೆನಿ ಎಳೆದರು. ಕಪ್ಪಿನ ಮೇಲೆ ಸ್ವಲ್ಪ ಬೆನಿಯೂ ಹಸಿರಾಗಿಯೇ ಹೊಳೆಯುತ್ತದೆ. ಇಂಥ ಉಪಾಯ ಕಂಡುಹಿಡಿದ ಪುಣ್ಯಾತ್ಗಿತ್ತಿ ಯಾರೋ, ಅವಳು ನನ್ನ ಕ್ಲಾಸಿನಲ್ಲಿದ್ದಿದ್ದರೆ ಪ್ರಾಕ್ಟಿಕಲ್‌ಗೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಕುಸುಬಿ ಇದೆ. ನಿಮ್ಮ ಮಾತು ಓದಿ ಎಸಳು ಕುದಿಸಿದೆ. ಬರೀ ಹಳದಿ ನೀರು ಬಂತು. ಬಿಳಿ ಪಂಚೆ ಅದ್ದಿದೆ, ಅದಕ್ಕೂ ಹತ್ತಲಿಲ್ಲ. ಮನೆಯಲ್ಲಿ ಎಲ್ಲರೂ ನಕ್ಕರು. ತಪ್ಪು ಎಲ್ಲಿ ಆಯಿತು?
– ರೈತ ಓದುಗರು, ಗದಗ ಜಿಲ್ಲೆ

ನಗುವವರು ನಗಲಿ. ನಾನು ಜಪಾನಿಗೆ ಹೋಗುವ ಎಷ್ಟೋ ವರ್ಷ ಮೊದಲು ಇದೇ ತಪ್ಪು ಮಾಡಿದ್ದೆ. ಕೆಮಿಸ್ಟ್ರಿ ಮೇಡಂ ಅಂತ ಬೋರ್ಡು ಹಾಕಿಕೊಂಡು, ಒಂದು ರೇಷ್ಮೆ ಶಾಲನ್ನು ಕುಸುಬಿ ನೀರಿನಲ್ಲಿ ಅರ್ಧ ಗಂಟೆ ಕುದಿಸಿದೆ. ಬಂದ ಬಣ್ಣ ಹಳೆಯ ವೃತ್ತಪತ್ರಿಕೆಯದು. ಆ ಶಾಲು ಈಗ ಹಾರ್ಮೋನಿಯಂ ಮುಚ್ಚಲು ಇದೆ.

ಕುದಿಸಿದ್ದೇ ತಪ್ಪು. ಶಾಖಕ್ಕೆ ಆ ಕೆಂಪು ಸತ್ತೇ ಹೋಗುತ್ತದೆ. ಜಪಾನಿನಲ್ಲಿ ಬಣ್ಣ ಹಾಕುವುದು ಜನವರಿಯ ಕೊರೆಯುವ ಚಳಿಯಲ್ಲಿ. ಯೊನೆಜಾವಾ ಎಂಬ ನೇಕಾರರ ಊರಿನಲ್ಲಿ ಒಂದು ಬಣ್ಣದ ಮನೆಗೆ ಹೋಗಿದ್ದೆ. ಹೊರಗೆ ಹಿಮ ಕಿಟಕಿಯ ಎತ್ತರಕ್ಕೆ ಬಿದ್ದಿತ್ತು. ಒಳಗೂ ಬಾಯಿಂದ ಹೊಗೆ ಬರುವಷ್ಟು ಚಳಿ. ಬಣ್ಣ ಹಾಕುವಾತ ಬರಿಗೈಯನ್ನು ಮೊಣಕೈವರೆಗೆ ನೀರಲ್ಲಿಟ್ಟು ರೇಷ್ಮೆ ನೂಲನ್ನು ತಿರುವುತ್ತಿದ್ದರು. ಕೈಯ ಕೆಂಪು ಬಣ್ಣದ್ದೋ ಚಳಿಯದ್ದೋ ಹೇಳಲಾಗದು. ಮಗಳ ಮೂಲಕ ಕೇಳಿದೆ, ನೀರು ಸ್ವಲ್ಪ ಬೆಚ್ಚಗೆ ಮಾಡಬಾರದಾ ಅಂತ. ಅವರು ತಲೆ ಅಲ್ಲಾಡಿಸಿ, ಮಾಡಬಹುದು, ಆದರೆ ಆಗ ಬೇರೆ ಬಣ್ಣ ಬರುತ್ತದೆ ಅಂದರು.

ಪಂಚೆಗೆ ಹತ್ತದೇ ಇದ್ದದ್ದು ಯಾಕೆ ಅಂತ ಮೇಲಿನ ಉತ್ತರದಲ್ಲೇ ಇದೆ. ಹತ್ತಿ ಗಿಡದ ನಾರು. ಅದು ಹಳದಿಯನ್ನು ಹಿಡಿಯುವುದಿಲ್ಲ. ಕೆಂಪು ಕೊಟ್ಟು ನೋಡಿ, ಹೇಗೆ ಹೀರುತ್ತದೆ ಅಂತ. ಹೀಗೆ ಮಾಡಿ.

ಬಾಡಿ ಕೆಂಪಾದ ಎಸಳನ್ನು ಕಿತ್ತು ನೆರಳಲ್ಲಿ ಒಣಗಿಸಿ. ಬಾಡಿದರೂ ಹಳದಿಯೇ ಉಳಿಯುವ ತಳಿಗಳಿವೆ, ಅವು ಬೇಡ. ಒಣಗಿದ್ದು 100 ಗ್ರಾಂ ಸಾಕು. ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿ ತಣ್ಣೀರಲ್ಲಿ ನೆನೆಹಾಕಿ. ಬೆಳಿಗ್ಗೆಯಿಂದ ಹಿಂಡುವುದು, ನೀರು ಚೆಲ್ಲುವುದು, ಮತ್ತೆ ಹಿಂಡುವುದು. ನೀರು ತಿಳಿಯಾಗುವವರೆಗೆ. ನನಗೆ ಹದಿನಾಲ್ಕು ಸಲ ಆಯಿತು. ಬೇಸರ ಬರುತ್ತದೆ, ಬಿಡಬೇಡಿ. ಆ ಹಳದಿ ನೀರನ್ನು ಬೇಕಾದರೆ ಇನ್ನೊಂದು ಬಕೆಟ್ಟಿನಲ್ಲಿ ಇಟ್ಟುಕೊಳ್ಳಿ, ರೇಷ್ಮೆಗೆ ಅದು ಹತ್ತುತ್ತದೆ.

ಆಮೇಲೆ ಎರಡು ಲೀಟರ್ ತಣ್ಣೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಕರಗಿಸಿ. ಅಡುಗೆ ಸೋಡಾ ಅಲ್ಲ, ಅದರ ಕ್ಷಾರ ಸಾಲದು. ಕೈಗೆ ಗ್ಲೌಸ್ ಇರಲಿ. ಗಂಟನ್ನು ಅದರಲ್ಲಿ ಹಾಕಿ ಒಂದು ಗಂಟೆ ಕಿವುಚಿ. ನೀರು ಕಾಕಂಬಿ ಬಣ್ಣಕ್ಕೆ ತಿರುಗುತ್ತದೆ. ನೋಡಿದರೆ ಕೆಟ್ಟುಹೋಯಿತು ಅನಿಸುತ್ತದೆ. ಸೋಸಿ, ಪಾತ್ರೆಯಲ್ಲಿ ಒದ್ದೆ ಹತ್ತಿ ಬಟ್ಟೆ ಬಿಟ್ಟು, ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಬನ್ನಿ. ನೊರೆ ಬರುತ್ತದೆ. ಏಳೆಂಟು ನಿಂಬೆಹಣ್ಣು ಬೇಕಾದೀತು. ನೊರೆ ಇಳಿಯುವ ಹೊತ್ತಿಗೆ ಕಾಕಂಬಿ ಹೋಗಿ ದಾಸವಾಳದ ಬಣ್ಣ ಬಂದಿರುತ್ತದೆ. ಆ ಒಂದು ಕ್ಷಣ ಮನೆಯವರನ್ನೆಲ್ಲ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ನನ್ನ 100 ಗ್ರಾಂಗೆ ಎರಡು ಕರ್ಚೀಫು ಗಾಢ ಗುಲಾಬಿ, ಮೂರನೆಯದು ತಿಳಿ ಗುಲಾಬಿ ಆಯಿತು. ಒಮ್ಮೆಗೇ ಕಡುಗೆಂಪು ಬರುವುದಿಲ್ಲ. ಅದಕ್ಕೆ ಹೊಸ ಎಸಳು ತಂದು ಮತ್ತೆ ಮತ್ತೆ ಅದ್ದಬೇಕು. ನಿಂಬೆಯ ಬದಲಿಗೆ ಅವರು ಹಳೆ ಕಾಲದಿಂದ ಬಳಸುವುದು ಉಮೆ ಹಣ್ಣು. ನಾರಾದ ಕಡೆ ತ್ಸುಕಿಗಾಸೆ ಎಂಬಲ್ಲಿ ಆ ಹುಳಿ ಹಣ್ಣಿಗೆ ಮಸಿ ಹೊರಳಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಕರಿ ಉಂಡೆ ಮಾಡುತ್ತಾರೆ. ನೋಡಲು ನಮ್ಮ ಹಳೆಯ ಹುಣಸೆಹಣ್ಣಿನ ತುಣುಕೇ. ಹುಣಸೆಯನ್ನೂ ಪ್ರಯತ್ನಿಸಿದೆ. ಬಣ್ಣ ಮಂಕಾಯಿತು, ನಿಂಬೆಯೇ ವಾಸಿ.

ಇದನ್ನು ತುಟಿಗೆ ಮಾತ್ರ ಹಚ್ಚಬೇಡಿ. ಸೋಡಾ ಉಳಿದಿರುತ್ತದೆ.

ಪ್ರಶ್ನೆ: ಜಪಾನಿನಲ್ಲಿ ಹಿಂದೆ ಕೆಲವು ಬಣ್ಣ ಎಲ್ಲರೂ ಉಡುವ ಹಾಗಿರಲಿಲ್ಲ ಅಂತ ಕೇಳಿದ್ದೇನೆ. ಈ ಕೆಂಪಿಗೂ ಅಂಥ ಕಟ್ಟುಪಾಡು ಇತ್ತಾ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಇತ್ತು. ಕ್ಯೋಟೊದಲ್ಲಿ ಅರಮನೆಯಿದ್ದ ಹೇಯಾನ್ ಕಾಲದಲ್ಲಿ ಕಡು ನೇರಳೆ ಮತ್ತು ಕಡು ಕುರೆನಾಯಿ ದೊಡ್ಡವರಿಗೆ ಮೀಸಲು. ಅವುಗಳಿಗೆ ಕಿಂಜಿಕಿ, ಅಂದರೆ ತಡೆದ ಬಣ್ಣ ಅನ್ನುತ್ತಿದ್ದರು. ಅದೇ ಬಣ್ಣ ತಿಳಿಯಾದರೆ ಯುರುಶಿ-ಇರೊ, ಅಂದರೆ ಬಿಟ್ಟುಕೊಟ್ಟ ಬಣ್ಣ. ತಿಳಿ ಅಂದರೆ ಎಷ್ಟು ತಿಳಿ? ಅದಕ್ಕೂ ತಕ್ಕಡಿ ಇತ್ತು. ಎರಡು ಉಡುಪಿಗೆ ಆಗುವಷ್ಟು ರೇಷ್ಮೆಗೆ ಒಂದು 'ಕಿನ್' ಹೂವು, ಸುಮಾರು 600 ಗ್ರಾಂ. ಅದರಲ್ಲಿ ಬರುವ ಗುಲಾಬಿಗೆ 'ಇಕ್ಕೊನ್‌ಜೊಮೆ', ಒಂದು ಕಿನ್ನಿನ ಬಣ್ಣ ಅಂತಲೇ ಹೆಸರು. ಬಣ್ಣಕ್ಕೆ ತೂಕದ ಹೆಸರು! 927ರಲ್ಲಿ ಮುಗಿದ ಎಂಗಿಶಿಕಿ ಎಂಬ ಅರಮನೆಯ ಕಟ್ಟಳೆ ಪುಸ್ತಕದಲ್ಲಿ ಯಾವ ಕೆಂಪಿಗೆ ಎಷ್ಟು ಹೂವು, ಎಷ್ಟು ಹುಳಿ, ಎಷ್ಟು ಹುಲ್ಲು, ಎಷ್ಟು ಸೌದೆ ಅಂತ ಬರೆದಿಟ್ಟಿದ್ದಾರೆ. ಹುಲ್ಲು ಬೂದಿಗೆ. ನಮ್ಮ ಮದುವೆ ಅಡುಗೆಯ ಪಟ್ಟಿಯ ಹಾಗಿದೆ.

ಅದೇ ಕಾಲದ್ದು ಇನ್ನೊಂದು. ಹನ್ನೊಂದನೇ ಶತಮಾನದ ಶುರುವಿನಲ್ಲಿ ಮುರಸಾಕಿ ಶಿಕಿಬು ಬರೆದ ಗೆಂಜಿಯ ಕಥೆಯಲ್ಲಿ ಒಬ್ಬ ಬಡ ರಾಜಕುಮಾರಿ ಬರುತ್ತಾಳೆ. ಹಿಮ ಬಿದ್ದ ಬೆಳಿಗ್ಗೆ ಗೆಂಜಿ ಅವಳ ಮುಖ ಸರಿಯಾಗಿ ನೋಡುತ್ತಾನೆ. ಮೂಗು ಉದ್ದ, ತುದಿ ಕೆಂಪು. ಅವಳಿಗೆ ಅವನಿಡುವ ಹೆಸರು ಸುಯೆತ್ಸುಮುಹಾನಾ. ತುದಿಯಿಂದ ಕೀಳುವ ಹೂವು ಅಂತ ಅರ್ಥ, ಕುಸುಬಿಯ ಹಳೆಯ ಹೆಸರು ಅದು. ಜಪಾನಿ ಮಾತಿನಲ್ಲಿ 'ಹಾನಾ' ಅಂದರೆ ಹೂವೂ ಹೌದು, ಮೂಗೂ ಹೌದು. ಅಡ್ಡಹೆಸರು ಇಡುವುದರಲ್ಲಿ ನಮ್ಮ ಧಾರವಾಡದವರೇ ಮುಂದೆ ಅಂದುಕೊಂಡಿದ್ದೆ.

ಕಟ್ಟಳೆಗಿಂತ ದೊಡ್ಡ ತಡೆ ದುಡ್ಡು. ಮೊಗಾಮಿ ದಂಡೆಯಲ್ಲಿ ನಸುಕಿಗೆದ್ದು ಮುಳ್ಳು ಚುಚ್ಚಿಸಿಕೊಂಡು ಹೂವು ಕಿತ್ತ ಹುಡುಗಿಯರಿಗೆ ಆ ಬೆನಿ ಒಂದು ಸಲವೂ ತುಟಿಗೆ ಸಿಗಲಿಲ್ಲ ಅಂತ ಆ ಕಡೆ ಇವತ್ತಿಗೂ ಹೇಳುತ್ತಾರೆ. ವರ್ತಕರ ಕಥೆ ಬೇರೆ. ಹೂವು ಒಯ್ದ ಹಡಗು ಖಾಲಿ ಬರಬಾರದಲ್ಲ. ಉಪ್ಪು, ಚಹಾ, ಹಳೆ ಬಟ್ಟೆ, ಜೊತೆಗೆ ಕ್ಯೋಟೊದ ಹಿನಾ ಬೊಂಬೆಗಳನ್ನು ತರುತ್ತಿತ್ತು. ಕಹೊಕು ಎಂಬ ಊರಿನಲ್ಲಿ ಅಂಥ ಒಬ್ಬ ಸಾಹುಕಾರರ ಮನೆ ಈಗ ಬೆನಿಬಾನಾ ಮ್ಯೂಸಿಯಂ ಆಗಿದೆ. ಮೈಸೂರಿನವರು ನೀವು, ದಸರಾ ಬೊಂಬೆ ಕೂರಿಸುವವರು. ಅಲ್ಲಿನ ಹಳೆ ಮನೆಗಳು ಹಬ್ಬಕ್ಕೆ ಬೊಂಬೆ ತೆಗೆದು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದನ್ನು ನೋಡಿದರೆ ನಿಮಗೆ ಖುಷಿಯಾಗುತ್ತದೆ. ಮೆಟ್ಟಿಲಿಗೆ ಹಾಸುವ ಬಟ್ಟೆಯೂ ಕೆಂಪೇ.

1689ರಲ್ಲಿ ಕವಿ ಬಾಶೊ ನಡೆದುಕೊಂಡು ಆ ಕಡೆ ಹೋದಾಗ ಒಬಾನಾಜಾವಾದಲ್ಲಿ ತಂಗಿದ್ದು ಸುಜುಕಿ ಸೇಫು ಎಂಬ ಕುಸುಬಿ ವ್ಯಾಪಾರಿಯ ಮನೆಯಲ್ಲಿ. ಸೇಫುವೂ ಹಾಯ್ಕು ಬರೆಯುತ್ತಿದ್ದ. ಹೂವಿನ ಲಾಭ ಕವಿತೆಗೂ ಸ್ವಲ್ಪ ಸಿಕ್ಕಿತು ಅನ್ನಿ.

ಪ್ರಶ್ನೆ: ಜಪಾನಿನ ದೇವಸ್ಥಾನಗಳ ಮುಂದಿರುವ ಕೆಂಪು ಕಮಾನು ಕೂಡ ಈ ಬೆನಿಯದೇ? ದೇವರ ಕೆಲಸಕ್ಕೆ ಈ ಬಣ್ಣ ಬಳಸುತ್ತಾರಾ?
– ನಿವೃತ್ತ ಶಿಕ್ಷಕರು, ಉಡುಪಿ

ಕಮಾನಿಗೆ ಬೆನಿ ಬಳಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ ಮೇಷ್ಟ್ರೇ. ಅದು ಕಲ್ಲಿನ ಕೆಂಪು. ಹಿಂದೆ ಪಾದರಸದ ಅದಿರಿನಿಂದ, ಅಂದರೆ ನಮ್ಮ ಇಂಗಲೀಕದಿಂದ, ಮಾಡುತ್ತಿದ್ದರು. ಅದರ ಹೆಸರು ಶು. ಮನೆಯ ಮರಕ್ಕೆ ಬಳಿಯುವ ಇನ್ನೊಂದು ಕೆಮ್ಮಣ್ಣಿನ ಬಣ್ಣವಿದೆ, ಕಬ್ಬಿಣದ ತುಕ್ಕಿನದು. ಅದಕ್ಕೆ ಬೆಂಗಾರಾ ಅನ್ನುತ್ತಾರೆ. ಬಂಗಾಳದಿಂದ ಹಡಗಿನಲ್ಲಿ ಬರುತ್ತಿತ್ತು ಅಂತ ಆ ಹೆಸರು.

ದೇವರ ಕೆಲಸಕ್ಕೆ ಬೆನಿ ಬಳಸುವ ಒಂದು ಚಂದದ ಪದ್ಧತಿ ನಾರಾದ ತೊದಾಯ್‌ಜಿ ಎಂಬ ಬೌದ್ಧ ದೇವಾಲಯದಲ್ಲಿದೆ. 752ರಿಂದ ಒಂದು ವರ್ಷವೂ ತಪ್ಪದೆ ನಡೆದಿರುವ ವ್ರತ ಅಲ್ಲಿನದು, ಈಗ ಮಾರ್ಚ್ 1ರಿಂದ 14ರವರೆಗೆ. ಕನ್ನೊನ್ ಎಂಬ ಕರುಣೆಯ ದೇವತೆಯ ಹನ್ನೊಂದು ಮುಖದ ಮೂರ್ತಿಯ ಮುಂದೆ ಇಡಲು ಭಿಕ್ಷುಗಳೇ ಕೂತು ಕಾಗದದ ಕಮೇಲಿಯಾ ಹೂವು ಮಾಡುತ್ತಾರೆ. ಒಂದು ಎಸಳು ಕೆಂಪು, ಒಂದು ಬಿಳಿ, ನಡುವೆ ಹಳದಿ. ಕೆಂಪು ಕಾಗದಕ್ಕೆ ಕುಸುಬಿ, ಹಳದಿಗೆ ಒಂದು ಜಾತಿಯ ಗಾರ್ಡೇನಿಯಾ ಕಾಯಿ. ಕ್ಯೋಟೊದ ಒಂದು ಬಣ್ಣಗಾರ ಮನೆತನ ಚಳಿಗಾಲವಿಡೀ ಕೂತು ಈ ಕಾಗದಕ್ಕೆ ಪದರ ಪದರವಾಗಿ ಬೆನಿ ಎಳೆದು ಕೊಡುತ್ತದೆ. ಹೂವನ್ನು ನಿಜವಾದ ಕಮೇಲಿಯಾ ಕೊಂಬೆಗೆ ಸಿಕ್ಕಿಸುತ್ತಾರೆ. ಹೂವಿನಿಂದ ಬಣ್ಣ ತೆಗೆದು, ಆ ಬಣ್ಣದಿಂದ ಮತ್ತೆ ಹೂವು! ನಿಮ್ಮೂರಲ್ಲಿ ಕೃಷ್ಣನಿಗೆ ದಿನಕ್ಕೊಂದು ಅಲಂಕಾರ ಮಾಡುವವರಿಗೆ ಈ ಹುಚ್ಚು ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಾನು ನಾಗೋಯಾದಲ್ಲಿ ಕೆಲಸ ಮಾಡುತ್ತೇನೆ. ಸಹೋದ್ಯೋಗಿಯ ತಂದೆಗೆ ಅರವತ್ತು ತುಂಬಿದ್ದಕ್ಕೆ ಊಟಕ್ಕೆ ಕರೆದಿದ್ದರು. ಅವರಿಗೆ ಕೆಂಪು ಟೋಪಿ, ಕೆಂಪು ತೋಳಿಲ್ಲದ ಅಂಗಿ ಹಾಕಿ ಫೋಟೊ ತೆಗೆದರು. ತಮಾಷೆಯೋ ಶಾಸ್ತ್ರವೋ ಗೊತ್ತಾಗಲಿಲ್ಲ.
– ಹುಬ್ಬಳ್ಳಿಯ ಹುಡುಗ

ಎರಡೂ ಹೌದಪ್ಪ. ಅದು ಕಾನ್ರೆಕಿ. ಅವರ ಹಳೆಯ ಪಂಚಾಂಗದಲ್ಲೂ 60 ವರ್ಷಕ್ಕೆ ಒಂದು ಸುತ್ತು. ನಮ್ಮ ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರದ ಹಾಗೆ. ಹುಟ್ಟಿದ ವರ್ಷವೇ ಮತ್ತೆ ಬಂತು, ಅಂದರೆ ಮನುಷ್ಯ ಮತ್ತೆ ಕೂಸು. ಕೂಸಿಗೆ ಅವರು ಅಕಾ-ಚಾನ್ ಅನ್ನುತ್ತಾರೆ, 'ಕೆಂಪಮ್ಮಿ' ಅಂದ ಹಾಗೆ. ಕೂಸಿಗೆ ಕೆಟ್ಟದ್ದು ತಟ್ಟಬಾರದು ಅಂತ ಕೆಂಪು ತೊಡಿಸುವ ರೂಢಿಯಿತ್ತು. ಅದಕ್ಕೇ ಅಜ್ಜನಿಗೂ ಕೆಂಪು. ನಮ್ಮಲ್ಲಿ ಷಷ್ಟ್ಯಬ್ದಿಗೆ ಮತ್ತೆ ಮದುವೆ ಮಾಡಿಸುತ್ತಾರೆ, ಅವರಲ್ಲಿ ಮತ್ತೆ ತೊಟ್ಟಿಲಿಗೆ ಹಾಕುತ್ತಾರೆ. ನೀನು ನೋಡಿದ ಟೋಪಿ ಈಗಿನ ಕಾರ್ಖಾನೆ ಬಣ್ಣದ್ದೇ ಇದ್ದೀತು. ಬೆನಿ ಹಾಕಿದ್ದರೆ ಅದರ ಬೆಲೆಗೆ ಊಟವೇ ಕ್ಯಾನ್ಸಲ್ ಆಗುತ್ತಿತ್ತು.

ಹಳಬರು ಬೆನಿ ಬಣ್ಣದ ಒಳಬಟ್ಟೆ ಮೈ ಬೆಚ್ಚಗಿಡುತ್ತದೆ ಅಂತಲೂ ನಂಬಿದ್ದರು. ಹೆಂಗಸರ ಕಿಮೊನೊಗಳ ಒಳಪದರಕ್ಕೆ 'ಮೊಮಿ' ಎಂಬ ಬೆನಿ ರೇಷ್ಮೆ ಹೊಲಿಯುತ್ತಿದ್ದರು. ಹೊರಗೆ ಬೂದು, ಕಂದು. ನಡೆಯುವಾಗ ಅಂಚು ಹಾರಿದರೆ ಒಂದು ಚೂರು ಕೆಂಪು. ಮಗಳ ಜೊತೆ ಹಳೆ ಬಟ್ಟೆಯ ಸಂತೆಗೆ ಹೋಗಿ ಅಂಥ ಒಂದು ಒಳಪದರ ಕೊಂಡೆ. ಮಡಿಕೆಯ ಹೊರಗಿದ್ದ ಭಾಗ ಕಿತ್ತಳೆ ತಿರುಗಿದೆ, ಮಡಿಕೆಯ ಒಳಗೆ ಇನ್ನೂ ಕೆಂಪು.

ಪ್ರಶ್ನೆ: ಸೊಸೆ ಟೋಕಿಯೊದಿಂದ ಬೆನಿ ಬಟ್ಟಲು ತಂದುಕೊಟ್ಟಿದ್ದಾಳೆ. ಷೋಕೇಸಿನಲ್ಲಿ ಇಟ್ಟಿದ್ದೇನೆ. ಇದನ್ನು ಹೇಗೆ ಕಾಪಾಡಬೇಕು? ಎಷ್ಟು ದಿನ ಬರುತ್ತದೆ?
– ಗೃಹಿಣಿ, ಶಿವಮೊಗ್ಗ

ಮೊದಲು ಷೋಕೇಸಿನಿಂದ ತೆಗೆಯಿರಿ, ಇವತ್ತೇ. ಬೆಳಕು ಈ ಬಣ್ಣದ ಶತ್ರು. ಜಪಾನಿನ ಹಳೆ ಮರದಚ್ಚಿನ ಚಿತ್ರಗಳಲ್ಲಿ 1740ರ ದಶಕದಿಂದ ಬೆನಿಯ ಗುಲಾಬಿಯನ್ನು ಅಚ್ಚೊತ್ತಿದ್ದಾರೆ. ಗೋಡೆಗೆ ತೂಗುಹಾಕಿದ ಚಿತ್ರಗಳಲ್ಲಿ ಅದು ಮಾಸಿ ಹಳದಿ ಕಲೆಯಾಗಿದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟವು ಮಾತ್ರ ಇನ್ನೂ ಗುಲಾಬಿ. ನಿಮ್ಮ ಬಟ್ಟಲು ಬಂದ ಡಬ್ಬಿಯಲ್ಲೇ ಮುಚ್ಚಿ, ಬೀರುವಿನೊಳಗೆ ಇಡಿ. ನಿಮ್ಮ ಮಲೆನಾಡಿನ ಮಳೆಗಾಲ ಬೇರೆ. ತೇವ ತಾಗಿದರೂ ಹಸಿರು ಹೋಗುತ್ತದೆ. ಡಬ್ಬಿಯ ಜೊತೆ ಒಂದು ಸಿಲಿಕಾ ಪೊಟ್ಟಣ ಹಾಕಿ, ಮಾತ್ರೆ ಬಾಟಲಿಯಲ್ಲಿ ಬರುತ್ತದಲ್ಲ, ಅದು.

ಬಟ್ಟಲಿಗೆ ನೀರು ಹಾಕಬೇಡಿ. ಬ್ರಷ್ಷನ್ನು ಒದ್ದೆ ಮಾಡಿ, ಹಿಂಡಿ, ಅಂಚಿನಿಂದ ಸ್ವಲ್ಪ ಮಾತ್ರ ಎತ್ತಿಕೊಳ್ಳಿ. ನಾನು ಮೊದಲ ದಿನ ಆಸೆಗೆ ಬ್ರಷ್ ತುಂಬ ನೀರು ತಗೊಂಡು ಬಟ್ಟಲ ಮಧ್ಯಕ್ಕೇ ಇಟ್ಟೆ. ಅಲ್ಲಿ ಒಂದು ಕೆಂಪು ಹುಂಡು ಬಿದ್ದು ಹಾಗೇ ಉಳಿದಿದೆ. ತುಟಿಗೆ ಒಂದು ಪದರ ಹಚ್ಚಿದರೆ ತಿಳಿ ಗುಲಾಬಿ, ಮೂರು ಪದರಕ್ಕೆ ಕೆಂಪು. ಹಸಿರು ಬರುವವರೆಗೆ ಹಚ್ಚಬೇಕಾದರೆ ಸೊಸೆಯನ್ನು ಮತ್ತೆ ಟೋಕಿಯೊಗೆ ಕಳಿಸಬೇಕು. ಅಲ್ಲಿ 1825ರಲ್ಲಿ ಶುರುವಾದ ಇಸೆಹಾನ್ ಎಂಬ ಅಂಗಡಿ ಈಗಲೂ ಬೆನಿ ಮಾಡುತ್ತದೆ. ಮಿನಾಮಿ ಅಯೊಯಾಮಾದಲ್ಲಿ ಅವರದೊಂದು ಬೆನಿ ಮ್ಯೂಸಿಯಂ ಕೂಡ ಇದೆ.

ಎಷ್ಟು ದಿನ ಅಂದಿರಿ. ಹಿಂದೆ ಜನ ಒಂದು ದಿನ ನೋಡಿ ಕೊಳ್ಳುತ್ತಿದ್ದರು. ಅವರ ಹಳೆಯ ಪಂಚಾಂಗದಲ್ಲಿ ದಿನಗಳಿಗೆ ಪ್ರಾಣಿಗಳ ಹೆಸರು. ಜನವರಿಯ ಚಳಿ ಬಿಗಿದ ಮೂವತ್ತು ದಿನಗಳಲ್ಲಿ ಎತ್ತಿನ ಹೆಸರಿನ ದಿನ ಬರುತ್ತದೆ. ಅವತ್ತು ಕೊಂಡ ಬೆನಿ ಬಾಯಿಹುಣ್ಣಿಗೂ ಒಳ್ಳೆಯದು ಅಂತ ನಂಬಿಕೆ. ಅಂಗಡಿಯವರು ಗಿರಾಕಿಗೆ ಮಣ್ಣಿನ ಪುಟ್ಟ ಎತ್ತನ್ನು ಪುಕ್ಕಟೆ ಕೊಡುತ್ತಿದ್ದರಂತೆ. ಒಂದು ಬಟ್ಟಲಿಗೆ ಒಂದು ಮಣ್ಣೆತ್ತು! ನಮ್ಮ ಕಡೆ ಆದರೆ ಮಣ್ಣೆತ್ತಿನ ಅಮಾವಾಸ್ಯೆಗೇ ಇಟ್ಟುಕೊಳ್ಳುತ್ತಿದ್ದರು.

ನನ್ನ ಬಟ್ಟಲಿಗೆ ಆರು ವರ್ಷವಾಯಿತು. ಹಸಿರು ಅಂಚಿನಲ್ಲಿ ಇನ್ನೂ ಇದೆ. ನೀವು ಹಬ್ಬಕ್ಕೊಮ್ಮೆ ಹಚ್ಚಿದರೂ ಎರಡು ಮೂರು ವರ್ಷ ಧಾರಾಳ. ಖಾಲಿಯಾದ ಮೇಲೆ ಬಟ್ಟಲು ಎಸೆಯಬೇಡಿ, ಕುಂಕುಮ ಇಡಲು ಹೇಳಿ ಮಾಡಿಸಿದ ಹಾಗಿರುತ್ತದೆ.